ಡಾಕ್ಟರಿಗೆ ಮೀಸಲಿಟ್ಟ ಕಣ್ಣು

ಮನುಷ್ಯನನ್ನು ಗುರಿಯ ಕಡೆಗೆ ಎಳೆದೊಯ್ಯುವ ಶಕ್ತಿ ಅವನ ಒಳಗೇ ಇರುತ್ತದೆ. ಅದನ್ನು ಹೊರಗೆ ಹುಡುಕುವವನು ಮೂಢ. ಈ ಘನವಾದ ಮಾತನ್ನು ನಾನು ಹೋದ ತಿಂಗಳು ಹಾಸನದ ಒಂದು ಕಲ್ಯಾಣ ಮಂಟಪದಲ್ಲಿ, ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು ಕೇಳಿದೆ. ಹೇಳಿದವರು ನೀಟ್ ಕೋಚಿಂಗಿನವರು ದೂರದಿಂದ ಕರೆಸಿದ್ದ ಭಾಷಣಕಾರರು. ಹೇಳಿ ಮುಗಿಸುವಷ್ಟರಲ್ಲಿ ಕರೆಂಟು ಹೋಗಿ ಮೈಕು ನಿಂತಿತು. ಒಳಗಿನ ಶಕ್ತಿಯಿಂದ ಮುಂದುವರಿಸಬಹುದಿತ್ತು. ಅವರು ಜನರೇಟರಿಗೆ ಕಾದರು.

ಫ್ಯಾನುಗಳೂ ನಿಂತವು. ಆ ಸೆಖೆಗೆ ಮುಂದಿನ ಸಾಲಿನಿಂದ ಒಂದು ವಾಸನೆ ಎದ್ದು ಬಂತು. ಹರಳೆಣ್ಣೆ. ಮೊಮ್ಮಗನ ಜೊತೆ ಬಂದಿದ್ದ ಯಾರೋ ಅಜ್ಜಿ ತಲೆಗೆ ಧಾರಾಳವಾಗಿ ತಟ್ಟಿಕೊಂಡು ಬಂದಿದ್ದರು. ಪಕ್ಕದಲ್ಲಿದ್ದ ನನ್ನ ಮಗಳು ದುಪಟ್ಟಾವನ್ನು ಮೂಗಿಗೆ ಒತ್ತಿಕೊಂಡಳು. ನಾನು ಮಾತ್ರ ಯಾರಿಗೂ ಕಾಣದ ಹಾಗೆ ಅದನ್ನು ಆಳವಾಗಿ ಎಳೆದುಕೊಂಡೆ... ಹೊಳೆನರಸೀಪುರದ ಆ ಹೆಂಚಿನ ಮನೆ, ಜಗಲಿಯ ಪಕ್ಕದ ನನ್ನ ಕೋಣೆ, ಬಾಗಿಲಲ್ಲಿ ಎಣ್ಣೆಯ ಬಟ್ಟಲು ಹಿಡಿದು ನಿಂತ ರೂಮಜ್ಜಿ.

ರೂಮಜ್ಜಿ ಎಂದರೆ ಪಿಯುಸಿ ಓದಲು ನನಗೆ ರೂಮು ಕೊಟ್ಟಿದ್ದ ಅಜ್ಜಿ. ಬೀದಿಯ ಹುಡುಗರೆಲ್ಲ ಅವರನ್ನು ಹಾಗೇ ಕರೆಯುತ್ತಿದ್ದರು. ಒಂದಿಷ್ಟು ಗದ್ದೆ, ಒಂದಿಷ್ಟು ತೆಂಗಿನ ಮರ, ಚನ್ನರಾಯಪಟ್ಟಣಕ್ಕೆ ಕೊಟ್ಟಿದ್ದ ಒಬ್ಬಳೇ ಮಗಳು, ಮತ್ತು ಯಾವ ವಿಷಯದ ಬಗ್ಗೆಯೂ ತಡವರಿಸದೆ ತೀರ್ಪು ಕೊಡುವ ನಾಲಿಗೆ, ಇಷ್ಟು ಅವರ ಆಸ್ತಿ.

ನಾನು ಅರಕಲಗೂಡಿನ ಹತ್ತಿರದ ಮಲ್ಲಿಪಟ್ಟಣದ ಕಡೆಯವನು. ಅಪ್ಪ ಹೊಗೆಸೊಪ್ಪು, ಶುಂಠಿ ಬೆಳೆಯುತ್ತಿದ್ದರು. ಎಸ್ಸೆಸ್ಸೆಲ್ಸಿಯಲ್ಲಿ ನನಗೆ ವಿಜ್ಞಾನಕ್ಕೆ ಒಳ್ಳೆಯ ನಂಬರು ಬಂತು. ನಮ್ಮ ಹೋಬಳಿಯಲ್ಲಿ ಹುಡುಗ ವಿಜ್ಞಾನದಲ್ಲಿ ನಂಬರು ತೆಗೆದರೆ ಡಾಕ್ಟರು, ಗಣಿತದಲ್ಲಿ ತೆಗೆದರೆ ಇಂಜಿನಿಯರು, ಎರಡರಲ್ಲೂ ತೆಗೆಯದಿದ್ದರೆ ಮನುಷ್ಯ. ನನ್ನನ್ನು ಮೊದಲನೆಯ ಜಾತಿಗೆ ಸೇರಿಸಿದರು. ನಿನಗೆ ಇಷ್ಟವೇನೋ ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ಏನು ಹೇಳುತ್ತಿದ್ದೆನೋ, ನನಗೆ ಇವತ್ತಿಗೂ ಸರಿಯಾಗಿ ತಿಳಿಯದು.

ಅಪ್ಪ ನನ್ನನ್ನೂ ಒಂದು ಮೂಟೆ ರಾಗಿಯನ್ನೂ ಬಸ್ಸಿನಿಂದ ಇಳಿಸಿ ಆ ಮನೆಯ ಜಗಲಿಯ ಮೇಲೆ ಇಟ್ಟು, "ಇವ್ನು ಡಾಕ್ಟ್ರು ಓದಕ್ಕೆ ಬಂದವ್ನೆ ಕಣಮ್ಮ, ವಸಿ ನೋಡ್ಕಳಿ" ಎಂದರು.

ರೂಮಜ್ಜಿ ನನ್ನನ್ನು ಅಂಗಡಿಯಲ್ಲಿ ಕುಂಬಳಕಾಯಿ ನೋಡುವಂತೆ ಸುತ್ತಲೂ ನೋಡಿದರು. "ಸಣ್ಣಕ್ಕವ್ನೆ. ಇರ್ಲಿ, ಬೆಳೀತನೆ."

ಮಾರನೆಯ ಬೆಳಿಗ್ಗೆಯಿಂದ ನಾನು "ಏನ್ಲಾ ಡಾಕ್ಟ್ರೆ" ಆದೆ. "ಏನ್ಲಾ ಡಾಕ್ಟ್ರೆ, ಎದ್ಯಾ?" "ಏನ್ಲಾ ಡಾಕ್ಟ್ರೆ, ಮುದ್ದೆ ಇನ್ನೊಂದ್ ಚೂರಿಕ್ಲಾ?" ಒಂದೇ ಉಸಿರಿನಲ್ಲಿ ನನ್ನನ್ನು ಅಷ್ಟು ಕೆಳಗೂ ಅಷ್ಟು ಮೇಲೂ ಇಟ್ಟವರು ಅವರ ನಂತರ ಬೇರೆ ಯಾರೂ ಸಿಕ್ಕಿಲ್ಲ.

ಓದಿನ ಸ್ಥಿತಿ ಮಾತ್ರ ಡಾಕ್ಟರಿಗೆ ತಕ್ಕದ್ದಾಗಿರಲಿಲ್ಲ. ಹತ್ತನೆಯ ತರಗತಿಯವರೆಗೆ ಎಲ್ಲವನ್ನೂ ಕನ್ನಡದಲ್ಲಿ ಓದಿದವನು ನಾನು. ನನಗೆ ಚೆನ್ನಾಗಿ ಪರಿಚಯವಿದ್ದ ಪತ್ರಹರಿತ್ತು ಹೊಳೆನರಸೀಪುರ ಮುಟ್ಟುವಷ್ಟರಲ್ಲಿ ಕ್ಲೋರೋಫಿಲ್ ಆಗಿ, ಗುರುತೇ ಇಲ್ಲದವರ ಹಾಗೆ ಮುಖ ತಿರುಗಿಸಿತು. ಭೌತಶಾಸ್ತ್ರದ ಮೇಷ್ಟ್ರು ಇಂಗ್ಲಿಷಿನಲ್ಲಿ ಪಾಠ ಮಾಡುತ್ತಿದ್ದರು. ನಾನು ಇಂಗ್ಲಿಷಿನಲ್ಲಿ ತಲೆ ಆಡಿಸುತ್ತಿದ್ದೆ. ಈಗಿನ ಭಾಷಣಕಾರರು ಹೇಳುವ ಹಾಗೆ ಗುರಿಯನ್ನು ಬರೆದು ಗೋಡೆಗೆ ಅಂಟಿಸಿಕೊಳ್ಳುವ ವಿದ್ಯೆ ನಮಗೆ ತಿಳಿದಿರಲಿಲ್ಲ. ನನ್ನ ಹುಮ್ಮಸ್ಸನ್ನು ನೋಡಿಕೊಳ್ಳುವ ಕೆಲಸ ಹೇಗೋ ರೂಮಜ್ಜಿಯ ಪಾಲಿಗೆ ಬಂದಿತ್ತು. ಅವರ ಸಿದ್ಧಾಂತ ಸರಳ: ಓದಿದರೆ ತಲೆಗೆ ಉಷ್ಣ ಏರುತ್ತದೆ, ಉಷ್ಣ ಇಳಿಯದಿದ್ದರೆ ಓದಿದ್ದು ಒಳಕ್ಕೆ ಇಳಿಯುವುದಿಲ್ಲ. ಆದ್ದರಿಂದ ಹರಳೆಣ್ಣೆ. ನೆತ್ತಿಯ ಮೇಲೆ ಸುರಿದು, ಬಾಗಿಲು ತಟ್ಟುವಂತೆ ತಟ್ಟುತ್ತಿದ್ದರು. ಪರೀಕ್ಷೆಯಲ್ಲಿ ನಾನು ಕಾಪಿ ಹೊಡೆದೆನೆಂದು ಯಾರೂ ಎಂದೂ ಅನುಮಾನಿಸಲಿಲ್ಲ. ಅಷ್ಟು ಹತ್ತಿರ ಯಾರೂ ಕೂರುತ್ತಿರಲಿಲ್ಲ.

ಬೀದಿಯವರು ನನ್ನ ಹತ್ತಿರ ಕಾಯಿಲೆ ತೋರಿಸಲು ಬಂದರೆ ಅವರೇ ಅಡ್ಡ ನಿಲ್ಲುತ್ತಿದ್ದರು. ಪಕ್ಕದ ಮನೆಯಾಕೆ ಒಮ್ಮೆ ಮಂಡಿ ನೋವೆಂದು ಕುಂಟಿಕೊಂಡು ಬಂದಾಗ, "ಅವ್ನಿನ್ನೂ ಕಪ್ಪೆ ಕುಯ್ತಾ ಅವ್ನೆ ಕಣೆ. ನಿನ್ ಮಂಡಿಯ ಬ್ಯಾರೆ ಕಡೆ ತಕ್ಕೊಂಡೋಗು" ಎಂದು ಗದರಿ ಕಳಿಸಿದರು. ಅವರಿಗೆ ನನ್ನ ಮಟ್ಟ ಚೆನ್ನಾಗಿ ಗೊತ್ತಿತ್ತು ಎಂಬುದಕ್ಕೆ ಈ ಮಾತೇ ಸಾಕ್ಷಿ. ಆದ್ದರಿಂದಲೇ ಮುಂದೆ ನಡೆದದ್ದು ನನಗೆ ಅರ್ಥವಾಗಲಿಲ್ಲ.

ಅದಕ್ಕೆ ಮೊದಲು ಆ ಮನೆಯ ಹುಂಜದ ವಿಷಯ ಹೇಳಬೇಕು. ಅದು ಮನೆದೇವರಿಗೆ ಮೀಸಲು ಬಿಟ್ಟ ಹುಂಜ. ಹಾಗೆ ದೇವರ ಹೆಸರು ಹೇಳಿ ಬಿಟ್ಟ ಮೇಲೆ ಅದನ್ನು ಮಾರುವಂತಿಲ್ಲ, ನೆಂಟರು ಬಂದರೆಂದು ಕುಯ್ಯುವಂತಿಲ್ಲ, ಸಿಟ್ಟು ಬಂದರೆ ಹೊಡೆಯುವಂತೆಯೂ ಇಲ್ಲ. ದೇವರ ಕಾರ್ಯದ ದಿನದವರೆಗೆ ಅದು ದೇವರದು. ಹುಂಜಕ್ಕೆ ಇದೆಲ್ಲ ತಿಳಿದಿತ್ತು. ನನ್ನ ಭೌತಶಾಸ್ತ್ರದ ಪುಸ್ತಕ ಹತ್ತಿ ನಿಂತು, ನಾನು ಎಷ್ಟು ಓಡಿಸಿದರೂ ಕದಲದೆ, ತನ್ನ ಅಭಿಪ್ರಾಯವನ್ನು ಪುಟದ ಮೇಲೆ ಬಿಟ್ಟು ಗಂಭೀರವಾಗಿ ಇಳಿದು ಹೋಗುತ್ತಿತ್ತು.

ಎರಡನೆಯ ಪಿಯುಸಿಯ ಹೊತ್ತಿಗೆ ರೂಮಜ್ಜಿ ಸಾರನ್ನು ತಟ್ಟೆಯ ಪಕ್ಕಕ್ಕೆ ಬಡಿಸತೊಡಗಿದರು. ಮೊದಲು ನಾನು ಅದನ್ನು ವಯಸ್ಸೆಂದುಕೊಂಡೆ. ಆಮೇಲೆ ಚನ್ನರಾಯಪಟ್ಟಣದಿಂದ ಅವರ ಮಗಳು ಬಂದರು, ತಾಯಿಯ ಮುಖವನ್ನು ಬೆಳಕಿಗೆ ತಿರುಗಿಸಿ ನೋಡಿದರು.

"ಎರಡ್ ಕಣ್ಗೂ ಪೊರೆ ಬಂದದೆ ಕಣವ್ವ. ನಮ್ಮೂರ್ಗೆ ಬಾ, ಆಪ್ರೇಸನ್ ಮಾಡಿಸ್ಬುಡನ."

"ಬ್ಯಾಡ."

"ಯಾಕ್ ಬ್ಯಾಡ?"

"ಮೀಸ್ಲು ಬುಟ್ಟಿದೀನಿ."

ಮಗಳು ಅಂಗಳದ ಹುಂಜದ ಕಡೆ ನೋಡಿದರು. ರೂಮಜ್ಜಿ ನನ್ನ ಕಡೆ ಕೈ ತೋರಿಸಿದರು.

"ಇವ್ನಿಗೆ. ಇವ್ನು ಡಾಕ್ಟ್ರಾದ್ ಮ್ಯಾಲೆ ಇವ್ನ ಕೈಲೇ ತೆಗಿಸ್ಕತೀನಿ. ಅಲ್ಲಿಗಂಟ ಯಾರೂ ನನ್ ಕಣ್ ಮುಟ್ಟಂಗಿಲ್ಲ."

ನನ್ನ ಬಾಯಲ್ಲಿದ್ದ ಮುದ್ದೆ ಅಲ್ಲೇ ನಿಂತಿತು. ಮಗಳು ನನ್ನತ್ತ ತಿರುಗಿ, "ಏನಪ್ಪಾ, ಯಾವಾಗಪ್ಪ ನೀನು ಡಾಕ್ಟ್ರಾಗದು?" ಎಂದು ಕೇಳಿದರು.

"ಅಕ್ಕ, ಇದು ಇನ್ನೂ ಸೆಕೆಂಡ್ ಪಿಯುಸಿ..."

"ಆಮೇಕೆ ಇನ್ನೆಷ್ಟ್ ವರ್ಸ?"

ನಾನು ಪ್ರಾಮಾಣಿಕವಾಗಿ ಲೆಕ್ಕ ಹಾಕಿದೆ. ಎಂಬಿಬಿಎಸ್ಸು, ಅದರ ಮೇಲೆ ಕಣ್ಣಿನದೇ ಬೇರೆ ಓದು, ನಡುವೆ ಪಾಸಾಗುವುದು ಎಂಬ ಒಂದು ಅಡ್ಡಿ. ಹೇಳಿದೆ.

"ಅಷ್ಟೊತ್ಗೆ ನಮ್ಮವ್ವ ಇರ್ತದಾ?"

"ಇರ್ತೀನಿ," ಎಂದರು ರೂಮಜ್ಜಿ, ತಡವಾದರೂ ಬಂದೇ ಬರುವ ಅರಕಲಗೂಡಿನ ಬಸ್ಸಿಗೆ ಕಾಯುವವರ ದನಿಯಲ್ಲಿ.

ಅಂದಿನಿಂದ ನನ್ನ ಓದಿಗೆ ಎರಡು ಕಣ್ಣು ಬಂದವು. ತರಗತಿಯ ಬೇರೆ ಹುಡುಗರು ಬಿಳಿ ಕೋಟಿನ ಕನಸು ಕಾಣುತ್ತಿದ್ದರು. ನಾನು ಪುಸ್ತಕ ತೆರೆದರೆ ಮಂಜು ಕವಿದ ಎರಡು ಕಣ್ಣುಗಳು ನನ್ನನ್ನೇ ಕಾಯುತ್ತಿದ್ದವು. ಇದರಿಂದ ಹುಮ್ಮಸ್ಸು ಹೆಚ್ಚಬೇಕು ಎಂದು ಯಾರಾದರೂ ಹೇಳಬಹುದು. ಹೆಚ್ಚುತ್ತಲೂ ಇತ್ತು, ಹೆದರಿಕೆಯ ರೂಪದಲ್ಲಿ. ಜೀವಶಾಸ್ತ್ರದಲ್ಲಿ ಕಣ್ಣಿನ ಪಾಠವನ್ನು ಎಷ್ಟು ಸಲ ಓದಿದೆನೆಂದರೆ ಉಳಿದ ಪಾಠಗಳಿಗೆ ಹೊತ್ತೇ ಸಾಲಲಿಲ್ಲ. ಆ ವರ್ಷದ ಸಿಇಟಿಯಲ್ಲಿ ಗಿಡದ ಬೇರಿನ ಬಗ್ಗೆ ಕೇಳಿದ್ದರು. ನನಗೆ ಬಂದ ರ‍್ಯಾಂಕಿಗೂ ಮೆಡಿಕಲ್ ಸೀಟಿಗೂ ಮುಖ ಪರಿಚಯವೂ ಇರಲಿಲ್ಲ.

ಇನ್ನು ಸಾಕು, ಬಿಎಸ್ಸಿಗೆ ಹೋಗುತ್ತೇನೆ ಎಂದು ಮನಸ್ಸಿನಲ್ಲೇ ತೀರ್ಮಾನಿಸಿ ಹೊಳೆನರಸೀಪುರಕ್ಕೆ ಬಂದೆ. ಬಾಯಿ ತೆರೆಯುವ ಮೊದಲೇ ರೂಮಜ್ಜಿ ಹೇಳಿದರು: "ಓಗ್ಲಿ ಬುಡು, ಇನ್ನೊಂದ್ ಸಾರಿ ಬರಿ. ನಂಗೇನ್ ಅರ್ಜೆಂಟಿಲ್ಲ." ಹೀಗೆ ಹೇಳಿ, ಗೋಡೆ ತಡವುತ್ತಾ ಒಳಗೆ ಹೋದರು. ಅಪ್ಪನೂ ಅದನ್ನೇ ಹೇಳಿದ್ದರು. ಮತ್ತೊಂದು ಮೂಟೆ ರಾಗಿ ಬಂತು.

ಆ ವರ್ಷ ನನಗೆ ಬಂದಷ್ಟು ಗೊಂದಲ ಇನ್ನು ಯಾವಾಗಲೂ ಬಂದಿಲ್ಲ. ನಾನು ಓದುತ್ತಿರುವುದು ನನಗಾಗಿಯೋ, ಅಪ್ಪನಿಗಾಗಿಯೋ, ಈ ಅಜ್ಜಿಯ ಕಣ್ಣಿಗಾಗಿಯೋ? ಬಿಟ್ಟರೆ ಅಜ್ಜಿ ಬೇರೆ ಡಾಕ್ಟರ ಹತ್ತಿರ ಹೋಗುತ್ತಾರೋ, ಇಲ್ಲ, ಹಾಗೇ ಕೂರುತ್ತಾರೋ? ಓದಿದರೆ ಅವರ ಕತ್ತಲೆಯನ್ನು ನಾನೇ ಉದ್ದ ಮಾಡಿದಂತೆ. ಓದದಿದ್ದರೆ ಅವರ ಮಾತನ್ನು ಸುಳ್ಳು ಮಾಡಿದಂತೆ. ಕೊನೆಗೆ ಒಂದು ದಿನ ಸುತ್ತಿ ಬಳಸಿ ಕೇಳಿದೆ.

"ಅಜ್ಜಿ, ಮೀಸ್ಲು ಬುಟ್ಟ ಮ್ಯಾಲೆ, ಆ ದೇವ್ರೇ ಇಲ್ಲ ಅಂತ ಗೊತ್ತಾದ್ರೆ ಏನ್ ಮಾಡ್ತರೆ?"

"ದ್ಯಾವ್ರು ಎಲ್ಲೋಗ್ತನ್ಲಾ?"

ಚರ್ಚೆ ಅಲ್ಲಿಗೆ ಮುಗಿಯಿತು.

ಅದಾಗಿ ಸ್ವಲ್ಪ ದಿನಕ್ಕೆ, ಚೆನ್ನಾಗಿ ಬಿಸಿಲಿದ್ದ ಒಂದು ಮಧ್ಯಾಹ್ನ, ನಾನು ಟ್ಯೂಷನ್ ಮುಗಿಸಿ ಬಂದೆ. ರೂಮಜ್ಜಿ ಜಗಲಿಯ ಕಂಬ ಹಿಡಿದು ನಿಂತಿದ್ದರು. ನಾನು ಎದುರು ನಿಂತು ಚಪ್ಪಲಿ ಬಿಚ್ಚುತ್ತಿದ್ದೆ. ಅವರು ನೇರ ನನ್ನ ಮುಖ ನೋಡಿ, "ಯಾರಪ್ಪ? ನಮ್ ಡಾಕ್ಟ್ರು ಇನ್ನೂ ಬಂದಿಲ್ಲ. ಪಾಟಕ್ಕೋಗವ್ನೆ. ಕುಂತ್ಕಳಿ" ಎಂದರು.

ಕೂತುಕೊಂಡೆ. ಬೇರೆ ಯಾರೋ ಎಂಬ ಹಾಗೆ ಸ್ವಲ್ಪ ಹೊತ್ತು ಕೂತಿದ್ದು, ಮೆಲ್ಲಗೆ ಎದ್ದು ಬೀದಿಯ ತುದಿಯವರೆಗೆ ಹೋಗಿ, ಕೆಮ್ಮುತ್ತಾ ಮತ್ತೆ ಬಂದೆ. "ಬಂದೇನ್ಲಾ ಡಾಕ್ಟ್ರೆ? ಯಾರೋ ಬಂದು ಕಾದು ಒಂಟೋದ್ರು ಕಣ್ಲಾ," ಎಂದರು...

ಆ ವಾರವೇ ಅವರ ಜೊತೆ ದೇವಸ್ಥಾನಕ್ಕೆ ಹೋದೆ. ಪೂಜಾರಿ ಕಾಯಿ ಒಡೆದು, ಒಂದು ಹೋಳು ಒಳಗಿಟ್ಟುಕೊಂಡು, ಇನ್ನೊಂದನ್ನು ಹೂವಿನ ಜೊತೆ ವಾಪಸು ಕೊಟ್ಟ. ಹುಟ್ಟಿದಂದಿನಿಂದ ನೋಡಿದ್ದ ಈ ದೃಶ್ಯದಲ್ಲಿ ಒಂದು ಕಾನೂನಿನ ಅಂಶ ಅಡಗಿದೆಯೆಂದು ನನಗೆ ಅಂದೇ ಹೊಳೆದದ್ದು. ದಾರಿಯಲ್ಲಿ ಕೇಳಿದೆ.

"ಅಜ್ಜಿ, ನೀನು ದೇವ್ರಿಗೆ ಇಡೀ ಕಾಯಿ ಕೊಟ್ಟೆ. ಅರ್ಧ ಯಾಕ್ ವಾಪಸ್ ತಂದೆ?"

"ನಾನೆಲ್ಲಿ ತಂದೆ? ದ್ಯಾವ್ರೇ ಪ್ರಸಾದ ಅಂತ ಕೊಡ್ತನೆ ಕಣ್ಲಾ."

"ಅಂಗಾರೆ ನಾನೂ ಅರ್ಧ ಕೊಡ್ತೀನಿ. ಒಂದ್ ಕಣ್ಣು ಪ್ರಸಾದ. ಅದನ್ನ ಆಪ್ರೇಸನ್ ಮಾಡಿಸ್ಕೊ. ಇನ್ನೊಂದು ನಂಗಿರ್ಲಿ."

ರೂಮಜ್ಜಿ ನಡೆಯುವುದನ್ನು ನಿಲ್ಲಿಸಿದರು. ಎಲೆ ಅಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸಾಗಿಸಿ ಬಹಳ ಹೊತ್ತು ಯೋಚಿಸಿದರು. ವಾದದಲ್ಲಿ ತಪ್ಪು ಸಿಗಲಿಲ್ಲವೆಂದು ಕಾಣುತ್ತದೆ.

"ಯಾವ್ ಕಣ್ಣು?"

"ಯಾವ್ದಾರ ಒಂದು."

"ಅದೆಂಗ್ಲಾ ಯಾವ್ದಾರ ಒಂದು? ದ್ಯಾವ್ರು ಅಂದ್ಮ್ಯಾಲೆ ಸರ್ಯಾಗಿ ಏಳ್ಬೇಕು."

ಸರಿಯಾಗಿ ಹೇಳುವ ಕೆಲಸವನ್ನು ನಾನು ಕಣ್ಣಿನ ಕ್ಯಾಂಪಿಗೆ ಬಿಟ್ಟೆ. ಊರಿನ ಒಂದು ಶಾಲೆಯಲ್ಲಿ ಉಚಿತ ತಪಾಸಣೆ ಇತ್ತು. ಪೊರೆ ಇದ್ದವರನ್ನು ವ್ಯಾನಿನಲ್ಲಿ ಹಾಸನಕ್ಕೆ ಕರೆದುಕೊಂಡು ಹೋಗಿ ಆಪರೇಷನ್ ಮಾಡಿಸಿ ಬಿಡುತ್ತಿದ್ದರು. ಡಾಕ್ಟರು ಟಾರ್ಚು ಬಿಟ್ಟು ನೋಡಿ, "ಎರಡರಲ್ಲೂ ಪೊರೆ ಇದೆಯಜ್ಜಿ. ಬಲಗಣ್ಣಿನದು ಪೂರ್ತಿ ಬಲಿತುಬಿಟ್ಟಿದೆ. ಮೊದಲು ಅದನ್ನ ಮಾಡೋಣ, ಆಮೇಲೆ ಇನ್ನೊಂದು" ಎಂದರು.

"ಒಂದೇ ನಿಮ್ಗೆ," ಎಂದರು ರೂಮಜ್ಜಿ. "ಬಲ್ತಿರದ ಬುಡಿ ಸಾ, ಅದು ನಮ್ ಉಡುಗ್ನಿಗಿರ್ಲಿ. ಎಳೇದ ನೀವ್ ತಗಳಿ."

ಡಾಕ್ಟರು ನನ್ನನ್ನು ನೋಡಿದರು. ನಾನು ನೆಲ ನೋಡಿದೆ. ರೂಮಜ್ಜಿಯೇ ವಿವರಿಸಿದರು: "ಕಲಿಯೋ ಉಡುಗ. ಅಣ್ಣಾಗಿರದಾದ್ರೆ ಸಲೀಸಾಗಿ ಬತ್ತದಲ್ವರಾ?"

"ಇಲ್ಲಜ್ಜಿ. ಮಾವಿನ ಹಣ್ಣಿನ ಹಾಗಲ್ಲ ಇದು. ಬಲಿತಷ್ಟೂ ಕಷ್ಟ."

"ಔದಾ? ಅಂಗಾರೆ ಕಷ್ಟದ್ದ ನೀವೇ ಮಾಡಿ. ಸಲೀಸಾಗಿರದು ಇವ್ನಿಗಿರ್ಲಿ."

ಡಾಕ್ಟರು ನಗಲಿಲ್ಲ. ಚೀಟಿಯಲ್ಲಿ ಬಲಗಣ್ಣು ಎಂದು ಬರೆದು, ನನ್ನ ಕಡೆ ತಿರುಗಿ, "ಯಾವ ಇಯರಪ್ಪ ನೀನು?" ಎಂದು ಬಹಳ ಮರ್ಯಾದೆಯಿಂದ ಕೇಳಿದರು. ರಿಪೀಟರ್ ಸರ್ ಎಂದೆ. ಅವರು ಇನ್ನೇನೂ ಕೇಳಲಿಲ್ಲ. ಅದೂ ಮರ್ಯಾದೆಯೇ.

ಹಾಸನದಿಂದ ರೂಮಜ್ಜಿ ಕಪ್ಪು ಕನ್ನಡಕ ಹಾಕಿಕೊಂಡು ಬಂದರು. ಬೀದಿಯವರಿಗೆಲ್ಲ "ಇರುವೆ ಕಡಿದಷ್ಟೂ ನೋಯ್ಲಿಲ್ಲ ಕಣ್ರೇ" ಎಂದು ಸಾರಿದರು. ಕನ್ನಡಕ ತೆಗೆದ ದಿನ ನನ್ನನ್ನು ಎದುರು ನಿಲ್ಲಿಸಿಕೊಂಡು ನೋಡಿದರು. "ಇವ್ನೇನಾ? ಇನ್ನೂ ಇಷ್ಟೇ ಸಣ್ಣಕಿದೀಯಾ? ಉಂಡಿದ್ದೆಲ್ಲಾ ಎಲ್ಲೋಯ್ತುಲಾ?" ಆಮೇಲೆ ಹುಂಜದ ಗುರುತುಗಳಿದ್ದ ನನ್ನ ಪುಸ್ತಕ ನೋಡಿ, "ಇದನ್ನೇನ್ಲಾ ನೀನು ಓದ್ತಿರದು?" ಎಂದು ನಿಜವಾಗಿಯೂ ಗಾಬರಿಯಾದರು.

ನನ್ನ ಹೊರೆ ಅರ್ಧ ಇಳಿಯಿತು ಎಂದುಕೊಂಡಿದ್ದೆ. ಆದದ್ದು ಬೇರೆ. ಮೊದಲು ಪುಸ್ತಕ ತೆರೆದು ಕೂತರೆ ಸಾಕಿತ್ತು. ಈಗ ಪುಟ ತಿರುವಬೇಕಾಯಿತು. ಒಂದು ಕಣ್ಣು ಕಾವಲಿಗೆ, ಒಂದು ಕಣ್ಣು ಕಾಯುವುದಕ್ಕೆ. ನಡುವೆ ನಾನು.

ಎರಡನೆಯ ಸಲದ ಫಲಿತಾಂಶವೂ ಬಂತು. ಮೊದಲಿಗಿಂತ ಒಳ್ಳೆಯದಿತ್ತು, ಸಾಲುವಷ್ಟು ಇರಲಿಲ್ಲ. ರೂಮಜ್ಜಿ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದರು.

"ಆಗ್ಲಿಲ್ಲ ಅಜ್ಜಿ."

"ಊಂ."

"ಬಿಎಸ್ಸಿಗೆ ಸೇರ್ತೀನಿ. ಮೇಷ್ಟ್ರಾಗ್ತೀನಿ."

"ಮೇಷ್ಟ್ರು ಕಣ್ ಕುಯ್ಯಲ್ವಾ?"

"ಇಲ್ಲಜ್ಜಿ."

ಅವರು ಒಂದು ಕಲ್ಲನ್ನು ಆರಿಸಿ ತೆಗೆದು ಅಂಗಳಕ್ಕೆ ಎಸೆದರು. ತಲೆ ಎತ್ತದೆಯೇ ಕೇಳಿದರು: "ನಿಂಗ್ ಆಸೆ ಇತ್ತೇನ್ಲಾ?"

ಅಷ್ಟು ವರ್ಷದಲ್ಲಿ ಈ ಪ್ರಶ್ನೆಯನ್ನು ನನಗೆ ಹಾಕಿದವರು ಅವರೊಬ್ಬರೇ. ಅದೂ ಎಲ್ಲ ಮುಗಿದ ಮೇಲೆ.

"ಗೊತ್ತಿಲ್ಲ ಅಜ್ಜಿ."

"ನಂಗೂ ಗೊತ್ತಾಗ್ಲಿಲ್ಲ ಕಣ್ಲಾ," ಎಂದರು. ಯಾವುದು ಗೊತ್ತಾಗಲಿಲ್ಲವೆಂದು ನಾನು ಕೇಳಲಿಲ್ಲ.

ರೂಮು ಖಾಲಿ ಮಾಡಿ ಹೊರಟ ದಿನ ಬೀದಿಯವರ ಮುಂದೆ "ನಮ್ ಡಾಕ್ಟ್ರು ಓಯ್ತವ್ನೆ" ಎಂದೇ ಹೇಳಿದರು. ಆಮೇಲೆ ನಾನು ವಿಜ್ಞಾನದ ಮೇಷ್ಟ್ರಾದೆ, ಅರಕಲಗೂಡಿನ ಕಡೆಯ ಹೈಸ್ಕೂಲುಗಳಲ್ಲೇ ಸುತ್ತಿದೆ. ಹೊಳೆನರಸೀಪುರಕ್ಕೆ ಹೋದಾಗಲೆಲ್ಲ ಆ ಮನೆಗೆ ಹೋಗುತ್ತಿದ್ದೆ. ಎಡಗಣ್ಣು ಬೆಳ್ಳಗಾಗುತ್ತಾ ಬಂದಿತ್ತು. ಮಗಳೂ ಬೇಡಿಕೊಂಡರು, ನಾನೂ ಬೇಡಿಕೊಂಡೆ. "ನನ್ ಪಾಲಿಂದ ನಾನೇ ಬುಟ್ ಕೊಟ್ಟಿದೀನಲ್ಲಜ್ಜಿ" ಎಂದೆ. "ನೀನ್ ಬುಟ್ರೆ ಆಯ್ತಾ? ಬುಟ್ಟೋಳು ನಾನು" ಎಂದರು.

ನನಗೆ ಇದು ಇವತ್ತಿಗೂ ಬಗೆಹರಿದಿಲ್ಲ. ಹೆದರಿಕೆಯಿಂದ ನನ್ನನ್ನು ನೆಪ ಮಾಡಿಕೊಂಡರೇ? ಇರುವೆ ಕಡಿದಷ್ಟೂ ನೋಯಲಿಲ್ಲವೆಂದು ಊರಿಗೆಲ್ಲ ಸಾರಿದವರಿಗೆ ಎಂಥ ಹೆದರಿಕೆ? ನನ್ನನ್ನು ಓದಿಸಲು ಹೂಡಿದ ಉಪಾಯವೇ? ಹಾಗಿದ್ದರೆ ನಾನು ಓದು ಬಿಟ್ಟ ಮೇಲೂ ಯಾಕೆ ನಡೆಸಿಕೊಂಡು ಬಂದರು? ಕಪ್ಪೆ ಕುಯ್ಯುವ ಹುಡುಗ ಒಂದು ದಿನ ತಮ್ಮ ಕಣ್ಣು ಮುಟ್ಟುತ್ತಾನೆಂದು ನಿಜವಾಗಿಯೂ ನಂಬಿದ್ದರೇ? ಒಂದು ಕಾರಣವನ್ನು ಹಿಡಿದರೆ ಇನ್ನೊಂದು ಜಾರುತ್ತದೆ... ಅವರು ತೀರಿಕೊಂಡ ಸುದ್ದಿ ನನಗೆ ತಡವಾಗಿ ಮುಟ್ಟಿತು. ಹೋದಾಗ ಎಲ್ಲ ಮುಗಿದಿತ್ತು. ಅವರ ಮಗಳು ಕಾಫಿ ಕೊಟ್ಟರು.

ಆ ಭಾಷಣ ಮುಗಿದು ಹಾಸನದಿಂದ ಅರಕಲಗೂಡಿಗೆ ವಾಪಸು ಬರುವ ಬಸ್ಸಿನಲ್ಲಿ ನನ್ನ ಮಗಳು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಹಾಗೇ ಇತ್ತ ತಿರುಗದೆ, "ಅಪ್ಪ, ನಂಗೆ ಈ ನೀಟ್ ಬೇಕೋ ಬೇಡ್ವೋ ಗೊತ್ತಾಗ್ತಿಲ್ಲ. ಓದ್ತೀನಿ, ಆದ್ರೆ ಯಾರಿಗೋಸ್ಕರ ಅಂತ ಗೊತ್ತಾಗಲ್ಲ. ನಿಂಗೆ ಗೊತ್ತಾಗಿತ್ತಾ?" ಎಂದು ಕೇಳಿದಳು. ನಾನು ರೂಮಜ್ಜಿಯ ವಿಷಯ ಹೇಳಿದೆ. ಅವಳು ಪೂರ್ತಿ ಕೇಳಿದಳು. ಕ್ಯಾಂಪಿನ ಡಾಕ್ಟರ ಮಾತಿಗೆ ನಕ್ಕಳು. ಆಮೇಲೆ, "ಮತ್ತೆ ಆ ಎಡಗಣ್ಣು?" ಎಂದಳು.

ಅದರ ಆಪರೇಷನ್ ಕೊನೆಯವರೆಗೂ ಆಗಲಿಲ್ಲ ಎಂದೆ.